ಬುಡಮೇಲಾದ ಕಂಬ

ಸುತಾನ್ ಪಲಿಂದಿ ತನ್ನ ತಾಯಿಯ ದೊಡ್ಡಮನೆಯಲ್ಲಿ ಯಾವತ್ತೂ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದ. ಮನೆತನಕ್ಕೆ ಹಿರಿಯ ಗಂಡಸು ಅವನು, ತಂಗಿ ಸನಿಯಾಳ ಮಕ್ಕಳಿಗೆ ಸೋದರಮಾವ, ಸುತ್ತ ಏಳೂರಿಗೆ ಹೆಸರಾದ ಬಡಗಿ. ಅಲ್ಲಿ ಹಿರಿಯರ ಕೂಟ ಸೇರಿದರೆ ಅವನ ಜಾಗ ಒಳಗೆ, ಮೂರನೆಯ ಕಂಬಕ್ಕೆ ಬೆನ್ನು ಕೊಟ್ಟು. ಅವನು ಮಾತ್ರ ಬಂದುಹೋಗುವವರ ಕಾಲಡಿಯಲ್ಲಿ, ಮೆಟ್ಟಿಲ ಗಾಳಿಗೆ ಮೈಯೊಡ್ಡಿ, ಕಾಫಿ ಎಲೆಯ ಕಷಾಯ ಹೀರುತ್ತಾ ಕೂರುತ್ತಿದ್ದ. ಕೆಲವರು ಇದನ್ನು ವಿನಯ ಎಂದರು. ಅವನನ್ನು ಬಲ್ಲವರು ನಕ್ಕರು. ವಿನಯಕ್ಕೂ ಪಲಿಂದಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಕಾರಣ ಅವನೊಬ್ಬನಿಗೇ ಗೊತ್ತಿತ್ತು. ಆ ಮೂರನೆಯ ಕಂಬ ಬುಡಮೇಲಾಗಿ ನಿಂತಿತ್ತು.

ಮಿನಾಂಗ್ ಗುಡ್ಡಗಳ ನಡುವೆ ಮನೆ ಹೆಣ್ಣಿನದು, ಅದನ್ನು ಕಟ್ಟುವ ಕೈ ಗಂಡಿನದು. ಆ ದೊಡ್ಡಮನೆ ಏಳುವಾಗ ಪಲಿಂದಿಗೆ ಹದಿನಾಲ್ಕು ವರ್ಷ. ಕಟ್ಟಿಸುತ್ತಿದ್ದ ದೊಡ್ಡ ಬಡಗಿ ಅವನ ಗುರು, ಕಣ್ಣು ಮಂಜಾಗಿದ್ದರೂ ಅದನ್ನು ಯಾರಿಗೂ ಹೇಳದ ಮುದುಕ. ಆರು ವರ್ಷ ಕೆಸರು ಕೊಳದಲ್ಲಿ ಮುಳುಗಿಸಿಟ್ಟಿದ್ದ ಮರಗಳನ್ನು ಎಳೆದು ತಂದು, ಎರಡೂ ತುದಿ ಸಮ ಕತ್ತರಿಸಿ, ಎಂಟು ಮುಖ ಬರುವಂತೆ ಕೆತ್ತಿದ್ದರು. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕು, ಬೇರಿನ ಕಡೆ ಕೆಳಗೆ, ಚಿಗುರಿನ ಕಡೆ ಮೇಲೆ. ತಪ್ಪಿದರೆ ಕಂಬ ಬೇಗ ಕೊಳೆಯುತ್ತದೆ, ಆ ಸೂರಿನಡಿ ಮಕ್ಕಳು ಉಳಿಯುವುದಿಲ್ಲ ಎಂದು ಆ ಕಡೆಯ ಬಡಗಿಗಳೆಲ್ಲ ನಂಬಿದ್ದರು. ಗುರು ಒಂದು ಕಂಬವನ್ನು ಅಂಗೈಯಿಂದ ಸವರಿ, "ಇದು ಬುಡ, ಗುರುತು ಹಾಕೋ" ಅಂದ. ಆ ಕಂಬವನ್ನು ಹಿಂದಿನ ದಿನ ಹೊತ್ತವರಲ್ಲಿ ಪಲಿಂದಿಯೂ ಒಬ್ಬ. ಭಾರದ ತುದಿ, ಅಂದರೆ ಬುಡ, ಇನ್ನೊಂದು ಕಡೆಯದೆಂದು ಅವನ ಹೆಗಲಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಗುರುವಿನ ಮುಂದೆ ಬಾಯಿ ತೆರೆಯುವ ಕಾಲವಲ್ಲ ಅದು. ಇದ್ದಿಲು ತೆಗೆದುಕೊಂಡು ಗುರು ಹೇಳಿದಲ್ಲೇ ಗುರುತು ಹಾಕಿದ.

ಮೂವತ್ತಮೂರು ವರ್ಷ ಏನೂ ಆಗಲಿಲ್ಲ. ಆಮೇಲೊಂದು ಮಳೆಗಾಲದಲ್ಲಿ ಸನಿಯಾಳ ಇಬ್ಬರು ಗಂಡುಮಕ್ಕಳು ಒಂದೇ ವಾರದಲ್ಲಿ ವಾಂತಿಭೇದಿಯಿಂದ ಸತ್ತರು. ಆವತ್ತಿನಿಂದ ಪಲಿಂದಿ ಆ ಮಕ್ಕಳ ಹೆಸರೆತ್ತಲಿಲ್ಲ, ಮೂರನೆಯ ಕಂಬದ ಹತ್ತಿರ ಸುಳಿಯಲಿಲ್ಲ. ಉಳಿದದ್ದು ಒಬ್ಬಳೇ, ಆಗಿನ್ನೂ ತೊಟ್ಟಿಲಲ್ಲಿದ್ದ ದಲೀಮಾ. ಅವಳನ್ನು ಹೇಗಾದರೂ ಆ ಸೂರಿನಡಿಯಿಂದ ದೂರ ಮಾಡಬೇಕು ಎನ್ನುವುದೊಂದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು.

ದಲೀಮಾಳಿಗೆ ಹತ್ತು ತುಂಬಿದಾಗ ಅವನು ತಂಗಿಯ ಮುಂದೆ ಮಾತು ತೆಗೆದ.

"ಹುಡುಗೀನ ಪಾಡಾಂಗ್ ಪಟ್ಟಣಕ್ಕೆ ಕಳಿಸೋಣ. ಅಲ್ಲಿ ಸರ್ಕಾರಿ ಶಾಲೆ ಇದೆ, ಅಲ್ಲೇ ಉಳ್ಕೊಳ್ಳಬಹುದು."

"ಊರಲ್ಲೇ ಶಾಲೆ ಇದೆಯಲ್ಲಣ್ಣ."

"ಅದೊಂದು ಶಾಲೆನಾ? ದುಡ್ಡು ಕೊಟ್ಟು ಮಕ್ಕಳನ್ನ ಕೂಲಿಗೆ ಕಳಿಸಿದ ಹಾಗೆ! ಮೊನ್ನೆ ಬೆರಳು ಕೊಯ್ಕೊಂಡು ಬಂದಿದ್ಲು, ನೋಡಿದೆಯಾ?"

"ನಿನ್ನ ಬೆರಳಲ್ಲಿ ಎಷ್ಟು ಗಾಯ ಇದೆ, ಎಣಿಸ್ಲಾ?" ಅಂದಳು ಸನಿಯಾ. "ನಂಗಿರೋದು ಒಬ್ಬಳು. ಕಳಿಸು ಅಂದ್ರೆ ಸುಮ್ನೆ ಕಳಿಸೋಕಾಗಲ್ಲ. ಸರಿಯಾದ ಒಂದು ಕಾರಣ ಹೇಳು, ನಾಳೆನೇ ರೈಲು ಹತ್ತಿಸ್ತೀನಿ."

ಇದ್ದ ಒಂದೇ ಕಾರಣ ಹೇಳುವಂಥದ್ದಾಗಿರಲಿಲ್ಲ, ಎದ್ದುಹೋದ.

ಆ ಶಾಲೆ ರೈಲು ಹಳಿಯ ಆಚೆ ಇತ್ತು. ನಡೆಸುತ್ತಿದ್ದವರು ಜಮಾರಿಸ್ ಮೇಷ್ಟ್ರು. ಊರವರು ಅಲ್ಲಿಯ ರೂಢಿಯಂತೆ ಅವರನ್ನು ಅಂಗ್ಕು ಎನ್ನುತ್ತಿದ್ದರು. ಡಚ್ಚರ ಶಾಲೆಯಲ್ಲಿ ಹನ್ನೆರಡು ವರ್ಷ ಪಾಠ ಹೇಳಿ, "ನಾನು ಮಕ್ಕಳಿಗೆ ಬೇರೆಯವರ ಕಾಗದ ನಕಲು ಮಾಡೋದು ಬಿಟ್ಟು ಇನ್ನೇನೂ ಕಲಿಸ್ಲಿಲ್ಲ" ಎಂದು ಕೆಲಸ ಬಿಟ್ಟು ಬಂದವರು. ಅವರ ಶಾಲೆಯಲ್ಲಿ ಮಕ್ಕಳು ಕೂರುವ ಬೆಂಚನ್ನು ಮಕ್ಕಳೇ ಮಾಡಬೇಕು, ತಿನ್ನುವ ಸೊಪ್ಪನ್ನು ಅವರೇ ಬೆಳೆಯಬೇಕು, ಲೆಕ್ಕವನ್ನು ಹಲಗೆಯ ಮೇಲಲ್ಲ, ಮೀನಿನ ಕೊಳದ ಅಂಚಿನಲ್ಲಿ ಕೋಲು ಹಿಡಿದು ಮಾಡಬೇಕು. ಊರು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತ್ತು. ಮೊದಲ ವರ್ಷದ ಬೆಂಚುಗಳು ಎಷ್ಟು ವಾಲಿದ್ದವೆಂದರೆ ಮಕ್ಕಳು ಸಾಲಾಗಿ ಒಬ್ಬರ ಮೇಲೊಬ್ಬರು ಜಾರುತ್ತಿದ್ದರಂತೆ.

ಆ ಅಂಗ್ಕು ಒಂದು ದಿನ ಪಲಿಂದಿಯ ಕೆಲಸದ ಚಪ್ಪರಕ್ಕೇ ಬಂದರು.

"ಶಾಲೆಗೊಂದು ಹಜಾರ ಕಟ್ಟಬೇಕು. ನೀವು ಬರಬೇಕು."

"ಎಷ್ಟು ಆಳು ಕೊಡ್ತೀರಿ?"

"ಮೂವತ್ತೆರಡು ಮಕ್ಕಳು."

ಪಲಿಂದಿ ಉಳಿಯನ್ನು ಕೆಳಗಿಟ್ಟ. "ಅಂಗ್ಕು, ತಮಾಷೆ ಮಾಡೋಕೆ ಸಂತೆ ದಿನ ಬನ್ನಿ."

"ಕಟ್ಟೋರು ಅವರು. ನೀವು ಜೊತೆಗಿರಬೇಕು. ಆದ್ರೆ ಒಂದು ಮಾತು. ಅವರು ಕೇಳೋವರೆಗೂ ಏನೂ ಹೇಳಬಾರದು. ಕೇಳಿದ ಮೇಲೂ ತಕ್ಷಣ ಹೇಳಬಾರದು. 'ನಿನ್ನ ಕೈ ಏನು ಹೇಳುತ್ತೆ' ಅಂತ ಮೊದಲು ಅವರನ್ನೇ ಕೇಳಬೇಕು."

"ಮತ್ತೆ ನಾನ್ಯಾಕೆ? ಗೊಂಬೆ ನಿಲ್ಲಿಸಿ ಸಾಕು!"

ಹಾಗೆಂದವನು ಮಾರನೆಯ ದಿನವೇ ಹಳಿ ದಾಟಿ ಹೋದ. ಅವನ ಲೆಕ್ಕ ಬೇರೆ ಇತ್ತು. ಮೂರು ತಿಂಗಳು ಅಲ್ಲಿದ್ದರೆ ಶಾಲೆಯಲ್ಲಿ ಒಂದು ದೊಡ್ಡ ತಪ್ಪು ಕಣ್ಣಿಗೆ ಬಿದ್ದೇ ಬೀಳುತ್ತದೆ. ಆ ತಪ್ಪನ್ನು ತಂಗಿಯ ಮುಂದೆ ಇಟ್ಟರೆ ದಲೀಮಾ ರೈಲು ಹತ್ತುತ್ತಾಳೆ.

ತಪ್ಪುಗಳಿಗೇನು ಬರವಿರಲಿಲ್ಲ. ಮಕ್ಕಳು ಸೀಳುವ ಗರಗಸವನ್ನು ಮರದ ಎಳೆಗೆ ಅಡ್ಡ ಹಿಡಿದರು, ಒಂದೇ ಜಾಗಕ್ಕೆ ನಾಲ್ಕು ಹಲಗೆ ಕೊಯ್ದು ನಾಲ್ಕನ್ನೂ ಗಿಡ್ಡ ಮಾಡಿದರು. ಪಲಿಂದಿಯ ನಾಲಿಗೆ ತುರಿಸುತ್ತಿತ್ತು. ಬಾಯಿ ಮುಚ್ಚಿಕೊಂಡಿರಲು ಅಡಿಕೆ ತುಂಬಿಕೊಂಡು ಕೂತ. ಐದನೆಯ ಹಲಗೆ ಸರಿಯಾಗಿ ಕೂತಾಗ ಆ ಮಕ್ಕಳ ಮುಖ ನೋಡಿ ಅವನಿಗೆ ಏನೋ ಆಯಿತು. ತಾನು ಮೊದಲ ಸಲ ಹಲಗೆ ಸರಿ ಕೂರಿಸಿದ ದಿನ ಬೆನ್ನಿಗೆ ಬಿದ್ದದ್ದು ಗುರುವಿನ ಗುದ್ದು, ತಡ ಮಾಡಿದ್ದಕ್ಕೆ.

ಒಂದು ಬೆಳಿಗ್ಗೆ ಹಜಾರದ ಕಂಬಗಳು ಬಂದವು. ಊರಿನ ಕೆಸರು ಕೊಳದಿಂದ ತೆಗೆದ, ಎರಡೂ ತುದಿ ಸಮ ಕತ್ತರಿಸಿದ ಕಂಬಗಳು. ಅವುಗಳನ್ನು ನೋಡುತ್ತಲೇ ಪಲಿಂದಿಗೆ ದೊಡ್ಡಮನೆಯ ಮೂರನೆಯ ಕಂಬ ನೆನಪಾಯಿತು.

"ಇದ್ರಲ್ಲಿ ಬುಡ ಯಾವ್ದು?" ಅಂದ ಸಾಬಿರಿನ್. ಯಾವ ಮಾತಿಗೂ ಅಡ್ಡ ಪ್ರಶ್ನೆ ಹಾಕುವ ಹುಡುಗ ಅವನು, ಮೂಗಿನ ತುದಿಯಲ್ಲೇ ಅನುಮಾನ. "ನಡೀರಿ, ಬಡಗಿಯಪ್ಪನ್ನ ಕೇಳೋಣ."

"ಮಾವ ಹೇಳಲ್ಲ," ಅಂದಳು ದಲೀಮಾ. "ಹೇಳಬಾರದು ಅಂತ ಅಂಗ್ಕು ಅವರ ಬಾಯಿಗೆ ಬೀಗ ಹಾಕಿದಾರೆ. ನೋಡು, ಹ್ಯಾಗೆ ಮುಖ ಕೆಂಪಗೆ ಮಾಡ್ಕೊಂಡಿದಾರೆ. ಮರನೇ ಕೇಳೋಣ."

ಮಕ್ಕಳು ಕಂಬವನ್ನು ಮೂಸಿದರು, ತಟ್ಟಿದರು, ಒಬ್ಬ ನೆಕ್ಕಿಯೂ ನೋಡಿದ. ಕೊನೆಗೆ ದಲೀಮಾ ಬೆತ್ತದ ದಾರ ಹಿಡಿದು ಕಂಬದ ಉದ್ದ ಅಳೆದಳು, ದಾರವನ್ನು ಎರಡು ಮಡಿಕೆ ಮಾಡಿ ನಡು ಹುಡುಕಿದಳು, ಅಲ್ಲಿಗೆ ಹಗ್ಗ ಕಟ್ಟಿಸಿದಳು. ಹನ್ನೆರಡು ಮಕ್ಕಳು ಹಗ್ಗವನ್ನು ತೊಲೆಯ ಮೇಲೆ ಹಾಯಿಸಿ ಎಳೆದರು. ಕಂಬ ನೆಲ ಬಿಟ್ಟು ಎದ್ದು, ಒಂದು ಸಲ ತೂಗಿ, ನಿಧಾನವಾಗಿ ಒಂದು ಪಕ್ಕಕ್ಕೆ ತಲೆ ಬಾಗಿಸಿತು.

"ಇದು ಬುಡ!" ಎಂದು ಎಲ್ಲರೂ ಕಿರುಚಿದರು.

ಪಲಿಂದಿ ಕಣ್ಣು ಬಾಯಿ ಬಿಟ್ಟು ನಿಂತ. ನಡುವಿಗೆ ಹಗ್ಗ ಕಟ್ಟಿ ತೂಗುವ ಈ ಗುಟ್ಟನ್ನು ಗುರು ಅವನಿಗೆ ಹೇಳಿದ್ದು ಸಾಯುವ ಮುನ್ನ, ಹತ್ತಿರ ಕರೆದು, ಕಿವಿಯಲ್ಲಿ. ಬಡಗಿ ತನ್ನ ಜನ್ಮದಲ್ಲಿ ಒಬ್ಬ ಶಿಷ್ಯನಿಗೆ ಮಾತ್ರ ಹೇಳಬಹುದಾದ ಮಾತು. ಈ ಪುಟಾಣಿಗಳು ಅದನ್ನು ಊಟದ ಹೊತ್ತಿಗೆ ಮುಂಚೆ ಹುಡುಕಿ ಮುಗಿಸಿದ್ದರು.

ಅಷ್ಟಕ್ಕೇ ನಿಂತಿದ್ದರೆ ಅವನು ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಸಾಬಿರಿನ್ ಮೂಗು ತೂರಿಸಿದ. "ಬುಡಾನೇ ಭಾರ ಅಂತ ಹ್ಯಾಗೆ ಗೊತ್ತು? ಕೊಳದಲ್ಲಿ ಒಂದು ಕಡೆ ಜಾಸ್ತಿ ನೀರು ಕುಡಿದಿದ್ರೆ?" ಮಕ್ಕಳು ಅವನನ್ನು ಬೈಯಲಿಲ್ಲ. ಬೇಲಿಗೆ ಓಡಿ, ಬುಡ ಯಾವುದೆಂದು ಕಣ್ಣಾರೆ ಕಾಣುವ ಐದಾರು ಹಸಿ ಕಂಬ ಕಡಿದು ತಂದು, ಒಂದೊಂದನ್ನೂ ಹಾಗೇ ತೂಗಿದರು. ಎಲ್ಲವೂ ಬುಡದ ಕಡೆಗೇ ಬಾಗಿದವು. ಆಮೇಲೆ ಅವುಗಳನ್ನು ಸೀಳಿ ಒಳಗೂ ನೋಡಿದರು. ಕೊಂಬೆ ಹುಟ್ಟಿದ ಜಾಗದ ಗಂಟು ಮರದೊಳಗಿಂದ ಓರೆಯಾಗಿ, ಯಾವಾಗಲೂ ಚಿಗುರಿನ ಕಡೆಗೇ ಏರಿಕೊಂಡು ಬರುತ್ತಿತ್ತು. ಈ ಎರಡನೆಯದು ಪಲಿಂದಿಗೂ ಗೊತ್ತಿರಲಿಲ್ಲ. ಅವನ ಗುರುವಿಗೆ ಗೊತ್ತಿತ್ತೋ ಇಲ್ಲವೋ, ಹೇಳಿರಲಿಲ್ಲ.

ಅವನು ನಲವತ್ತಕ್ಕೂ ಹೆಚ್ಚು ವರ್ಷ ಮರದ ಜೊತೆ ಬದುಕಿದ್ದ. ಗುರು ಹೇಳಿದ್ದನ್ನು ನಂಬಿದ್ದ, ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ. ಈ ಮಕ್ಕಳು ನಂಬುವುದಕ್ಕೂ ಮುಂಚೆ ಮರವನ್ನು ಕೇಳಿದ್ದರು, ಮರ ಹೇಳಿದ್ದನ್ನು ಇನ್ನೊಂದು ಮರದ ಹತ್ತಿರ ಹೋಗಿ ಸರಿಯೇ ಅಂತ ವಿಚಾರಿಸಿದ್ದರು. ಅವನಿಗೆ ಬೆರಗಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಬೇಕು. ಹದಿನಾಲ್ಕರ ವಯಸ್ಸಿನಲ್ಲಿ ತನ್ನ ಪಕ್ಕದಲ್ಲಿ ಸಾಬಿರಿನ್‌ನಂಥ ಒಬ್ಬ ಅಧಿಕಪ್ರಸಂಗಿ ಇದ್ದಿದ್ದರೆ ಎಂದು ಯೋಚಿಸುತ್ತಾ ಆ ದಿನ ಹಳಿಯ ಮೇಲೆ ನಡೆದು, ದಾರಿ ತಪ್ಪಿ, ಮುಂದಿನ ನಿಲ್ದಾಣದವರೆಗೂ ಹೋಗಿಬಿಟ್ಟಿದ್ದ.

ಉಪವಾಸದ ತಿಂಗಳು ಶುರುವಾಗುವ ಮುಂಚೆ ದೊಡ್ಡಮನೆಯಲ್ಲಿ ಕೂಟ ಸೇರಿತು. ಮನೆತನದ ಹಿರಿಯರು ಹನ್ನೊಂದು ಮಂದಿ ಕಂಬಗಳಿಗೆ ಬೆನ್ನು ಕೊಟ್ಟು ಕೂತಿದ್ದರು, ಪಲಿಂದಿ ಬಾಗಿಲಲ್ಲಿ. ದಲೀಮಾ ಬಿದಿರಲ್ಲಿ ಬೇಯಿಸಿದ ಅಂಟಕ್ಕಿ ಅನ್ನದ ತಟ್ಟೆ ಹಿಡಿದು ಬಂದಳು. ಖಾಲಿಯಿದ್ದ ಮೂರನೆಯ ಕಂಬದ ಮುಂದೆ ನಿಂತಳು. ಅದರ ಮೇಲಿದ್ದ ಒಂದು ಗಂಟಿನ ಮೇಲೆ ಬೆರಳಾಡಿಸಿದಳು, ಪಕ್ಕದ ಕಂಬ ನೋಡಿದಳು, ಮತ್ತೆ ಇದನ್ನು ನೋಡಿದಳು.

"ಮಾವ," ಅಂದಳು, ಇಡೀ ಕೂಟಕ್ಕೆ ಕೇಳುವಂತೆ. "ಎಲ್ಲಾ ಕಂಬದ ಗಂಟೂ ಮೇಲಕ್ಕೆ ಏರಿದೆ. ಇದೊಂದೇ ಕೆಳಕ್ಕೆ ಇಳಿದಿದೆ. ಈ ಕಂಬ ಬುಡಮೇಲಾಗಿದೆ ಅಲ್ವಾ?"

ಒಬ್ಬ ಹಿರಿಯ ಕೈಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. "ಏನೇ ಹುಡುಗಿ ಅದು ಮಾತು! ಹಿರಿಯರ ನಡುವೆ ನಿಂತು ಮನೆಗೆ ಅಪಶಕುನ ನುಡೀತಿಯಾ? ಆ ಶಾಲೆ ಕಲಿಸಿದ್ದು ಇದೇನಾ?"

"ಪಲಿಂದಿ, ನಿನ್ನ ಸೋದರಸೊಸೆಗೆ ಬುದ್ಧಿ ಹೇಳಯ್ಯ," ಅಂದ ಇನ್ನೊಬ್ಬ. "ಪಾಡಾಂಗಿಗೆ ಕಳಿಸ್ತೀನಿ ಅಂತಿದ್ದೆಯಲ್ಲ, ಮೊದಲು ಕಳಿಸು. ಕೂಟನೇ ಹೇಳ್ತಿದೆ."

ಮೂರು ತಿಂಗಳಿಂದ ಹುಡುಕುತ್ತಿದ್ದ ಕಾರಣ ತಾನಾಗಿಯೇ ಮನೆ ಬಾಗಿಲಿಗೆ ಬಂದು ನಿಂತಿತ್ತು. ಒಂದು ಮಾತು ಸಾಕಿತ್ತು. "ನಿಂಗೇನು ಗೊತ್ತು, ಬಾಯಿ ಮುಚ್ಚು" ಅಂದರೆ ಸಾಕು, ನಾಳೆ ರೈಲು, ಹುಡುಗಿಯ ಜೀವ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಸನಿಯಾ ಕೂಡ ಒಳಬಾಗಿಲಲ್ಲಿ ತಲೆ ತಗ್ಗಿಸಿದ್ದಳು. ಪಲಿಂದಿ ದಲೀಮಾಳ ಕೈಯನ್ನು ನೋಡಿದ. ಅದು ಇನ್ನೂ ಗಂಟಿನ ಮೇಲೇ ಇತ್ತು, ಅವಳು ಹೆದರಿದ್ದಳು, ಆದರೆ ಕೈ ತೆಗೆದಿರಲಿಲ್ಲ. ತಾನು ಹದಿನಾಲ್ಕರಲ್ಲಿ ಕೇಳದ ಪ್ರಶ್ನೆಯನ್ನು ಈ ಹನ್ನೊಂದರ ಹುಡುಗಿ ಕೇಳಿದ್ದಳು. ಅದನ್ನು ಸುಳ್ಳು ಮಾಡುವ ಶಕ್ತಿ ಅವನಿಗೆ ಬರಲಿಲ್ಲ.

"ಹೌದು," ಅಂದ. "ಬುಡ ಮೇಲಿದೆ. ಗುರುತು ಹಾಕಿದ್ದು ನಾನು. ಗೊತ್ತಿದ್ದೂ ಹಾಕಿದೆ."

ಆಮೇಲೆ ಎಲ್ಲವನ್ನೂ ಹೇಳಿದ. ಹೆಗಲಿಗೆ ಗೊತ್ತಿದ್ದದ್ದು, ಇದ್ದಿಲು, ಗುರುವಿನ ಕಣ್ಣು. ಕೊನೆಗೆ ತಂಗಿಯ ಕಡೆ ತಿರುಗಿದ. "ನಿನ್ನ ಮಕ್ಕಳು ಹೋಗಿದ್ದು ನನ್ನಿಂದ, ಸನಿಯಾ. ಇವಳೂ ಹೋಗ್ತಾಳೆ ಅಂತಾನೇ ದೂರ ಕಳಿಸು ಅಂತ ಗೋಗರೆದಿದ್ದು."

ಸನಿಯಾ ನಡುವೆ ಬಂದು ನಿಂತಳು.

"ಆ ವರ್ಷ ಊರಲ್ಲಿ ಹತ್ತೊಂಬತ್ತು ಮಕ್ಕಳು ಸತ್ರು. ಎಲ್ಲಾರ ಮನೇಲೂ ಕಂಬ ತಿರುಗಿಸಿ ನೆಟ್ಟೋನು ನೀನೇನಾ? ಇಷ್ಟು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡು, ನನ್ನ ಮಕ್ಕಳ ಹೆಸರು ಕೂಡ ಎತ್ತದೆ ಕೂತಿದ್ದೆಯಲ್ಲ. ನಾನು ನಿನಗೆ ಅವರು ಮರೆತೇಹೋದ್ರು ಅಂದ್ಕೊಂಡಿದ್ದೆ."

ಮಾತು ಸರಿಯಾಗಿತ್ತು. ಪಲಿಂದಿಗೆ ಸರಿ ಎಂದೂ ಅನಿಸಿತು. ಆದರೆ ನಲವತ್ತು ವರ್ಷ ಬೇರೂರಿದ ನಂಬಿಕೆ ಬರೀ ಮಾತಿಗೆ ಅಲುಗುವಂಥದ್ದಲ್ಲ.

"ತಿರುಗಿಸಿ ನೆಟ್ರೆ ಬೇಗ ಕೊಳೆಯುತ್ತಾ ಮಾವ?" ಅಂದಳು ದಲೀಮಾ ಮೆಲ್ಲಗೆ.

"ಹಾಗಂತಾರೆ."

"ಯಾರು ನೋಡಿದಾರೆ?"

ಹನ್ನೊಂದು ಮಂದಿ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನೋಡಿರಲಿಲ್ಲ.

ಹಾಗೆ ಶಾಲೆಯ ಕೊಳದ ಬದಿಯ ಒದ್ದೆ ನೆಲದಲ್ಲಿ ಎಂಟು ಗೂಟ ಬಂದವು. ದಲೀಮಾ ಎರಡು ಸಾಕೆಂದಿದ್ದಳು. ಎರಡರಲ್ಲಿ ಒಂದಕ್ಕೆ ಗೆದ್ದಲು ಹಿಡಿದರೆ ಏನು ಮಾಡ್ತೀಯ ಎಂದು ಸಾಬಿರಿನ್ ಜಗಳ ತೆಗೆದ. ಒಂದೇ ಮರದ ಒಣಗಿದ, ಗಂಟಿಲ್ಲದ, ಬೇಗ ಕೊಳೆಯುವ ಹಗುರ ಕಟ್ಟಿಗೆ, ನಾಲ್ಕು ನೆಟ್ಟಗೆ, ನಾಲ್ಕು ಬುಡಮೇಲು. ಯಾವುದು ಯಾವ ತರ ಎನ್ನುವುದನ್ನು ದಲೀಮಾ ತನ್ನ ಪುಸ್ತಕದಲ್ಲಿ ಬರೆದು ಅಂಗ್ಕು ಅವರ ಪೆಟ್ಟಿಗೆಯಲ್ಲಿಟ್ಟಳು, ಪಲಿಂದಿಗೆ ತೋರಿಸಲಿಲ್ಲ. "ಗೊತ್ತಿದ್ರೆ ನಿಮ್ಮ ಕೈ ಮೊದಲೇ ತೀರ್ಮಾನ ಮಾಡಿಬಿಡುತ್ತೆ," ಅಂದರು ಅಂಗ್ಕು. ಹಿರಿಯರ ಕೂಟ ಪಾಡಾಂಗಿನ ಮಾತನ್ನು ಗೂಟ ಕೀಳುವ ತನಕ ಮುಂದೂಡಿತು. ಸನಿಯಾ, ಪಲಿಂದಿ ಇಬ್ಬರೂ ಒಪ್ಪಿದ ಮೇಲೆ ಅವರಿಗೂ ಬೇರೆ ದಾರಿಯಿರಲಿಲ್ಲ.

ಎರಡು ವರ್ಷ ಕಾಯಬೇಕಿತ್ತು. ಮಕ್ಕಳು ಕಾದರು, ಪಲಿಂದಿಗೆ ಕಾಯಲಾಗಲಿಲ್ಲ. ಹಜಾರದ ಕೆಲಸ ಮುಗಿದ ಮೇಲೂ ದಿನಾ ಶಾಲೆಗೆ ಬಂದು ಗೂಟಗಳ ಸುತ್ತ ಸುಳಿಯುತ್ತಿದ್ದ. "ಒಂದೇ ಒಂದು ಕೀಳ್ತೀನಿ ಕಣೇ" ಎಂದು ದಲೀಮಾಳ ಹಿಂದೆ ಬೀಳುತ್ತಿದ್ದ. "ಅವಸರದ ಮಕ್ಕಳಿಗೆ ಈ ಶಾಲೇಲಿ ಜಾಗ ಇಲ್ಲ ಮಾವ," ಎಂದು ಅವಳು ಅವನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಒಂದು ಬೆಂಚಿನ ಮೇಲೆ ಕೂರಿಸುತ್ತಿದ್ದಳು. ಕೂತಲ್ಲಿ ಸುಮ್ಮನಿರುವುದು ಹೇಗೆ? ಬಂದ ಮಕ್ಕಳಿಗೆ ಉಳಿ ಹರಿತ ಮಾಡಿಕೊಟ್ಟ. ಕೇಳಿದರೆ, "ನಿನ್ನ ಕೈ ಏನು ಹೇಳುತ್ತೆ?" ಅಂದ. ಆ ಮಾತನ್ನು ಮೊದಲ ಸಲ ತನ್ನ ಬಾಯಲ್ಲೇ ಕೇಳಿದ ದಿನ ಅವನಿಗೇ ನಗು ಬಂತು. ದಲೀಮಾಳಿಗೆ ಕೆಮ್ಮು ಬಂದರೆ ಮಾತ್ರ ನಗು ಆರಿಹೋಗುತ್ತಿತ್ತು. ಅವಳು ಹುಷಾರಾಗುವ ತನಕ ದೊಡ್ಡಮನೆಯ ಮೆಟ್ಟಿಲು ಬಿಟ್ಟು ಕದಲುತ್ತಿರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಎಂಟೂ ಗೂಟ ಕಿತ್ತರು. ಇಡೀ ಶಾಲೆ ಸುತ್ತ ನಿಂತಿತ್ತು. ಹಿರಿಯರಲ್ಲಿ ಇಬ್ಬರು, ಸುಮ್ಮನೆ ಈ ಕಡೆ ಬಂದವರ ಹಾಗೆ ಮುಖ ಮಾಡಿಕೊಂಡು, ಬೇಲಿಯಾಚೆ ನಿಂತಿದ್ದರು. ಗೂಟಗಳು ನೆಲದ ಮಟ್ಟದಲ್ಲಿ ಕಪ್ಪಗೆ ಕೊಳೆತಿದ್ದವು.

"ಕೊಳೆತಿದ್ದನ್ನ ನೋಡಿ ನಾಲ್ಕು ಬುಡಮೇಲಿನವನ್ನ ಆರಿಸಿ ಮಾವ," ಅಂದಳು ದಲೀಮಾ. ಅಂಗ್ಕು ಅವರ ಪೆಟ್ಟಿಗೆಯಿಂದ ತಂದ ಪುಸ್ತಕವನ್ನು ಎದೆಗೊತ್ತಿಕೊಂಡಿದ್ದಳು.

ಪಲಿಂದಿ ಕೂತ. ಒಂದೊಂದನ್ನೇ ಎತ್ತಿಕೊಂಡ. ಹೆಬ್ಬೆರಳಿನಿಂದ ಒತ್ತಿದ, ಉಗುರಿನಿಂದ ಕೆರೆದ, ಮೂಸಿದ, ಕಿವಿಯ ಹತ್ತಿರ ತಂದು ತಟ್ಟಿದ. ಮರದ ವಿಷಯದಲ್ಲಿ ಏಳೂರಲ್ಲಿ ಯಾರೂ ಎದುರಾಡದ ಕೈ ಅದು. ಬಹಳ ಹೊತ್ತು ತೆಗೆದುಕೊಂಡು, ಹೆಚ್ಚು ಕೊಳೆತದ್ದೆನಿಸಿದ ನಾಲ್ಕನ್ನು ಬದಿಗಿಟ್ಟ. ದಲೀಮಾ ಪುಸ್ತಕ ತೆರೆದು, ಅವುಗಳ ಮೇಲೆ ಕೆತ್ತಿದ್ದ ಸಂಖ್ಯೆಯನ್ನು ತಾಳೆ ನೋಡಿದಳು.

"ಎರಡು ಸರಿ," ಅಂದಳು. "ಎರಡು ತಪ್ಪು."

"ಇನ್ನೊಂದು ಸಲ," ಅಂದ ಪಲಿಂದಿ. ಗೂಟಗಳನ್ನು ಕಲಸಿದರು, ಅವನು ಕಣ್ಣು ಮುಚ್ಚಿಕೊಂಡು ಆರಿಸಿದ. ಈ ಸಲ ಒಂದು ಸರಿ, ಮೂರು ತಪ್ಪು. ಮೂರನೆಯ ಸಲ ಅವನು ಕೈ ಚಾಚಿದ, ಮತ್ತೆ ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ. "ನನ್ನ ಕೈ ಏನೂ ಹೇಳ್ತಿಲ್ಲ," ಅಂದ. "ಎಲ್ಲಾ ಒಂದೇ." ಅಷ್ಟು ದೊಡ್ಡ ಬಡಗಿ ಮಕ್ಕಳ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಸಾಬಿರಿನ್ ಗಾಬರಿಯಾಗಿ, "ಸೋತಿದ್ದಕ್ಕೆ ಅಳಬೇಡಿ ಬಡಗಿಯಪ್ಪ, ನಾವೂ ದಿನಾ ಸೋಲ್ತೀವಿ" ಅಂದ. ದಲೀಮಾ ಅವನ ಕಾಲು ತುಳಿದಳು. ಬೇಲಿಯಾಚೆಯ ಹಿರಿಯರಿಬ್ಬರು ಮನೆ ಕಡೆ ಹೊರಟರು, ಪಾಡಾಂಗಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆ ಸಂಜೆ ಪಲಿಂದಿ ದೊಡ್ಡಮನೆಯ ಮೆಟ್ಟಿಲು ಹತ್ತಿದ. ಬಾಗಿಲ ಬಳಿ ನಿಲ್ಲಲಿಲ್ಲ. ಒಳಗೆ ಹೋಗಿ ಮೂರನೆಯ ಕಂಬದ ಮುಂದೆ ಒಂದು ಗಳಿಗೆ ನಿಂತು, ಮೆಲ್ಲಗೆ ಕೂತು, ಬೆನ್ನನ್ನು ಅದಕ್ಕೆ ಕೊಟ್ಟ. ಕಂಬ ಗಟ್ಟಿಯಾಗಿತ್ತು. ಸನಿಯಾ ತೆಂಗಿನ ಚಿಪ್ಪಿನಲ್ಲಿ ಕಾಫಿ ಎಲೆಯ ಕಷಾಯ ಹಿಡಿದು ಬಾಗಿಲ ಕಡೆ ಹೊರಟವಳು ಅವನನ್ನು ಅಲ್ಲಿ ಕಂಡು ನಿಂತುಬಿಟ್ಟಳು.

"ಏನು ನೋಡ್ತಿ, ಕೊಡು," ಅಂದ. ಕೈಗೆ ತೆಗೆದುಕೊಂಡು, ಕುಡಿಯದೆ, ಚಿಪ್ಪನ್ನು ಸುತ್ತಲೂ ಸವರುತ್ತಾ ಕೂತ. ಆಮೇಲೆ, "ನಮ್ಮ ಜಕಾರಿಯಾ ಎಮ್ಮೆ ಕರೆಯೋಕೆ ಒಂಥರಾ ಸಿಳ್ಳೆ ಹಾಕ್ತಿದ್ದನಲ್ಲ," ಅಂದ. "ಚಿಕ್ಕೋನು, ಇದ್ರಿಸ್, ಅವನಿಗೆ ಅದು ಬರ್ತಾನೇ ಇರಲಿಲ್ಲ. ಬರೀ ಉಗುಳು ಹಾರ್ತಿತ್ತು."

ಸನಿಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅವನ ಎದುರಿಗೆ ಚಾಪೆಯ ಮೇಲೆ ಕೂತಳು. "ಬರ್ತಿತ್ತು," ಅಂದಳು. "ಕೊನೇ ತಿಂಗಳು ಕಲಿತಿದ್ದ. ನಿನಗೆ ತೋರಿಸಬೇಕು ಅಂತಿದ್ದ."

"ಹೇಳು," ಅಂದ ಪಲಿಂದಿ.